ಗೆಲ್ಲುವ ತನಕ ‘ನಾವು’

ಅಮೆರಿಕದ ಯೂನಿಯನ್ ಸಿಟಿ ಸ್ಟೇಷನ್ನಿನ ಹತ್ತಿರದ ದೋಸೆ ಹೋಟೆಲಿನಲ್ಲಿ ಬೇರೆಲ್ಲೂ ಜಾಗವಿರಲಿಲ್ಲ. ವಯಸ್ಸಾದ ದಂಪತಿಯ ಎದುರು ಕೂತೆ. ಮೈಸೂರಿನ ಮೂರ್ತಿ, ಸರೋಜಮ್ಮ. ಇಂಗ್ಲೆಂಡಿನಲ್ಲಿ ಬಹಳ ಕಾಲ ಹೋಟೆಲು ನಡೆಸಿ, ಮುಚ್ಚಿ, ಈಗ ಇಲ್ಲಿಗೆ ಮಗಳ ಮನೆಗೆ ಬಂದಿದ್ದಾರೆ.

ಮೂರ್ತಿಯವರ ಕಣ್ಣು ಕಾವಲಿಯ ಮುಂದಿದ್ದ ಹಾಸನದ ಅಡುಗೆಯವನ ಮೇಲೇ ಇತ್ತು. “ಇಂಥವನೊಬ್ಬ ಸಿಕ್ಕಿದ್ರೆ ನಾನು ಬಾಗಿಲು ಹಾಕ್ತಿರ್ಲಿಲ್ಲ,” ಎಂದರು.

ಯುರೋಪ್ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಎಂದು ಬ್ರಿಟನ್ನಿನಲ್ಲಿ ಜನಮತ ಕೇಳಿದಾಗ, ಬಿಡಬೇಕೆನ್ನುವ ಪಕ್ಷದವರು ಇವರ ಹೋಟೆಲಿಗೇ ಬಂದು ಮಸಾಲೆ ದೋಸೆ ತಿಂದರಂತೆ. ಯುರೋಪಿನವರು ಬರುವುದು ನಿಂತರೆ ನಿಮ್ಮ ಕಡೆಯ ಅಡುಗೆಯವರಿಗೆ ವೀಸಾ ಸಲೀಸು ಎಂದರಂತೆ. ಇವರು ಗಾಜಿನ ಬಾಗಿಲಿಗೆ ಅವರ ಪೋಸ್ಟರು ಅಂಟಿಸಿದರು.

“ನಾವು ಮನೆಮನೆಗೆ ಹೋದ್ವಿ. ನಾವು ಗೆದ್ವಿ. ಆಮೇಲೆ ಅವರು ವೀಸಾ ಇನ್ನೂ ಬಿಗಿ ಮಾಡಿದ್ರು.”

ಗೆಲ್ಲುವ ತನಕ ‘ನಾವು’, ಗೆದ್ದ ಮೇಲೆ ‘ಅವರು’. ಪಕ್ಷ ಮಾತ್ರ ಅದೇ. ಈ ವ್ಯಾಕರಣ ಕೇಳಲು ನಾನು ಇಷ್ಟು ದೂರ ಬರಬೇಕಿರಲಿಲ್ಲ. ನಮ್ಮೂರಿನಲ್ಲೂ ಇದೇ ನಡೆಯುತ್ತದೆ.

“ಬಿಡಿ, ಒಟ್ಟಿನಲ್ಲಿ ನಾವೆಲ್ಲ ಮೋಸ ಹೋದ್ವಿ,” ಎಂದು ಮೂರ್ತಿಯವರು ನೀರು ಕುಡಿದರು.

ಸರೋಜಮ್ಮ ದೋಸೆಯ ತಟ್ಟೆಯನ್ನು ಗಂಡನ ಕಡೆ ಸರಿಸಿದರು.

“ನಾವಲ್ಲ ರೀ, ನೀವು. ನಾನು ಬಿಡೋದು ಬೇಡ ಅಂತಲೇ ವೋಟು ಹಾಕಿದ್ದೆ. ಹೋಟೆಲಲ್ಲಿ ಪಾತ್ರೆ ತೊಳೀತಿದ್ದ ಆ ಪೋಲೆಂಡಿನ ಹುಡುಗಿ ಕೆಲಸ ಬಿಟ್ಟು ಊರಿಗೆ ಹೋದ್ಮೇಲೆ, ಪಾತ್ರೆ ತೊಳೆದಿದ್ದೂ ನಾವಲ್ಲ, ನಾನು.”