ಜೇಡಿಕಟ್ಟೆಯವರೆಗಿನ ಉಸಿರು

ಶಿವಮೊಗ್ಗ ಮತ್ತು ಭದ್ರಾವತಿಯ ನಡುವೆ ಓಡುವ ಖಾಸಗಿ ಬಸ್ಸಿನಲ್ಲಿ ಏಕಾಂತಪ್ಪ ಕಂಡಕ್ಟರಾಗಿದ್ದಷ್ಟು ಕಾಲ, ಇಳಿಯುವ ಜಾಗ ತಪ್ಪಿಸಿಕೊಂಡು ಬೈಸಿಕೊಂಡ ಪ್ರಯಾಣಿಕ ಒಬ್ಬನೂ ಇರಲಿಲ್ಲ. ನಿದ್ದೆ ಹೋಗಿಯೋ ಹರಟೆಯಲ್ಲಿ ಮೈಮರೆತೋ, ನಿದಿಗೆಯಲ್ಲಿ ಇಳಿಯಬೇಕಾದವರು ಮಾಚೇನಹಳ್ಳಿಯವರೆಗೆ ಬಂದುಬಿಟ್ಟರೆ ಅವನೇ ಮುಂದಾಗಿ, "ನಾನೇ ಸರಿಯಾಗಿ ಕೂಗಲಿಲ್ಲ ಬಿಡಿ" ಎನ್ನುತ್ತಿದ್ದ. ಎದುರು ಬರುವ ಬಸ್ಸಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿ, ಅವರನ್ನು ಹತ್ತಿಸಿ ಕಳಿಸುತ್ತಿದ್ದ. ಅವನು ಕೂಗದೆ ಇರುವುದೆಂದರೇನು! ನಿಲ್ದಾಣದಲ್ಲಿ ಬಾಗಿಲ ಕಂಬಿ ಹಿಡಿದು, "ಹರಿಗೆ, ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿ, ಜೇಡಿಕಟ್ಟೆ, ಭದ್ರಾವತೀ!" ಎಂದು ಒಂದೇ ಉಸಿರಿನಲ್ಲಿ ಕೂಗಿದನೆಂದರೆ ಆಚೆ ಬದಿಯ ಹೂವಿನವರೂ ತಿರುಗಿ ನೋಡುತ್ತಿದ್ದರು.

ಮನೆ ಇದ್ದದ್ದು ಜೇಡಿಕಟ್ಟೆಯಲ್ಲಿ. ಹೆಂಡತಿ ಕಾಶಮ್ಮ. ಅವರಿಗೆ ಮಕ್ಕಳಾಗಲಿಲ್ಲ. ಆದರೆ ಕಾಶಮ್ಮನ ತಾಯಿ ತೀರಿಕೊಂಡಾಗ ಅವಳ ಕೊನೆಯ ತಮ್ಮ ವಿಜಯಕುಮಾರ ಇನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದ ಕೂಸು. ಏಕಾಂತಪ್ಪ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದವನು ಮತ್ತೆ ಇಳಿಸಲೇ ಇಲ್ಲ. ಒಮ್ಮೆ ವಿಜಿ ಆಟದಲ್ಲಿ ಕಲ್ಲೆಸೆದು, ಮನೆಯ ಬಳಿ ನಿಂತಿದ್ದ ಬಸ್ಸಿನ ಮುಂದಿನ ಗಾಜು ಒಡೆದಾಗಲೂ ಅಷ್ಟೆ. ಮಾಲೀಕರು ಸಿಟ್ಟಿನಿಂದ ಕುದಿಯುತ್ತ ಬಂದರು. ಏಕಾಂತಪ್ಪ ಗಾಜಿನ ಚೂರು ಆರಿಸುತ್ತ, "ನನ್ನ ಕೈಯಿಂದಲೇ ಆಯ್ತು ಯಜಮಾನ್ರೇ" ಎಂದ. ಹುಡುಗ ಬಾಗಿಲ ಹಿಂದೆ ನಿಂತು ನಡುಗುತ್ತಿದ್ದುದನ್ನು ಕಾಶಮ್ಮ ಮಾತ್ರ ನೋಡಿದಳು.

ಆ ಹುಡುಗ ಬೆಳೆದು ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಮೂಟೆ ಹೊರುವ ಕೆಲಸಕ್ಕೆ ಸೇರಿದ. ಮಂಡಿಯಲ್ಲಿ ಅವನ ಎತ್ತುಗಾರಿಕೆಗೆ ಹೆಸರು. ಒಂದು ತೋಳು ಕೆಳಗೆ ಕೊಟ್ಟು, ಇನ್ನೊಂದರಿಂದ ಬಳಸಿ ಎದೆಗೆ ಅವುಚಿಕೊಂಡು, ಸೊಂಟ ತಿರುಗಿಸಿ ಒಂದೇ ಏಟಿಗೆ ಮೇಲೆತ್ತುತ್ತಿದ್ದ. ಮೂಟೆಗೆ ನೋವಾಗದ ಹಾಗೆ ಎತ್ತುತ್ತಾನೆ ಎಂದು ಜೊತೆಯವರು ತಮಾಷೆ ಮಾಡುತ್ತಿದ್ದರು.

ಏಕಾಂತಪ್ಪನ ಲಿವರಿನಲ್ಲಿ ಗೆಡ್ಡೆ ಇದೆಯೆಂದು ತಿಳಿದಾಗ ಓಣಿಯವರೆಲ್ಲ ಬೆರಗಾದರು. "ತೊಟ್ಟು ಕುಡಿದವನಲ್ಲ, ಇವನಿಗೆಂಥ ಲಿವರ್ ಕಾಯಿಲೆ ಮಾರಾಯ?" ಎಂದವರಿಗೆ ಅವನು, "ಬಸ್ಸಲ್ಲಿ ಕುಡಿದು ಬಂದವರ ಗಾಳಿ ಕುಡಿದಿದ್ದೇ ಸಾಕಾಯ್ತು" ಎಂದು ನಕ್ಕುಬಿಟ್ಟ. ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಗೆಡ್ಡೆಯಿದ್ದ ಭಾಗವನ್ನು ಪೂರ್ತಿ ತೆಗೆದಿದ್ದೇವೆ, ಉಳಿದದ್ದು ತಾನೇ ಬೆಳೆದುಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದಾಗ ಕಾಶಮ್ಮ ಅಲ್ಲೇ ಗೋಡೆಗೆ ಒರಗಿ ಅತ್ತಳು. ಅದು ಸಂತೋಷದ ಅಳು.

ವಾರ್ಡಿಗೆ ತಂದಾಗ ಅವನ ಬಲಗಡೆಯ ಪಕ್ಕೆಲುಬಿನ ಕೆಳಗೆ ಉದ್ದನೆಯ ಪಟ್ಟಿ ಇತ್ತು. ಪಟ್ಟಿಯ ಅಂಚಿನಿಂದ ದಾರದಷ್ಟು ಸಣ್ಣ ನಳಿಕೆಯೊಂದು ಹೊರಬಂದು, ಮಂಚಕ್ಕೆ ತೂಗುಬಿಟ್ಟ ಚೆಂಡಿನಂಥ ಔಷಧದ ಚೀಲವನ್ನು ಸೇರಿತ್ತು. ಕಾಶಮ್ಮ ಅದನ್ನೇ ನೋಡುತ್ತಿದ್ದುದನ್ನು ಕಂಡು ಡಾಕ್ಟರು ತಾಳ್ಮೆಯಿಂದ ಹೇಳಿದರು.

"ಹಲ್ಲು ಕೀಳುವಾಗ ವಸಡಿಗೆ ಚುಚ್ಚುತ್ತಾರಲ್ಲ, ಅದೇ ಜಾತಿಯ ಔಷಧ ಅಮ್ಮ. ಗಾಯದೊಳಗೆ ಸ್ವಲ್ಪಸ್ವಲ್ಪವೇ ಇಳೀತಾ ಇರುತ್ತೆ. ಆ ಜಾಗ ಮಾತ್ರ ಮರಗಟ್ಟಿರುತ್ತೆ, ತಲೆಗೆ ಮಂಪರು ಬರಲ್ಲ. ನೋವು ಕಡಿಮೆ ಇದ್ರೆ ತಾನೇ ಅವರು ಉದ್ದಕ್ಕೆ ಉಸಿರೆಳೆದು ಕೆಮ್ಮೋದು? ಕೆಮ್ಮದೆ ಮಲಗಿಬಿಟ್ರೆ ಎದೆಯಲ್ಲಿ ಕಫ ನಿಂತು ನಂಜಾಗಬಹುದು. ನಮಗೆ ಈಗ ಇರೋ ಭಯ ಅದೊಂದೇ."

ನರ್ಸ್ ಪ್ರಿಯದರ್ಶಿನಿ ಮೂರು ಬಣ್ಣದ ಚೆಂಡುಗಳಿದ್ದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತಂದು, ಕೊಳವೆ ಬಾಯಲ್ಲಿಟ್ಟು ಉಸಿರೆಳೆದು ಚೆಂಡು ಎಬ್ಬಿಸಬೇಕೆಂದಳು.

"ಇದೆಂಥ ಮಕ್ಕಳಾಟ ಸಿಸ್ಟರ್? ನಮ್ಮ ರೂಟು ಕೂಗಿದ್ರೆ ಸಾಲದಾ?" ಎಂದು ಏಕಾಂತಪ್ಪ ಉಸಿರೆಳೆದುಕೊಂಡ. "ಹರಿಗೆ, ಮಲವಗೊಪ್ಪ, ನಿದಿಗೆ..." ಅಲ್ಲಿಗೆ ಉಸಿರು ತೀರಿತು. ಒಂದೆರಡು ಬಾರಿ ಕೆಮ್ಮಿದ. ಪಕ್ಕದ ಮಂಚದವರು ನಕ್ಕರು. "ಇವತ್ತು ನಿದಿಗೆವರೆಗೆ ಮಾತ್ರ ಸರ್ವಿಸ್," ಎಂದ ಏಕಾಂತಪ್ಪ.

"ಜೇಡಿಕಟ್ಟೆ ಮುಟ್ಟಿದ ದಿನ ಮನೆಗೆ ಕಳಿಸ್ತೀವಿ ಯಜಮಾನ್ರೇ," ಎಂದಳು ಪ್ರಿಯದರ್ಶಿನಿ. ಹಾಗೆನ್ನುತ್ತಲೇ ಮಂಚದ ಅಂಚಿನಲ್ಲಿ ಕುಳಿತಿದ್ದ ವಿಜಿಯನ್ನು ಗದರಿದಳು. "ಏಳ್ರೀ, ಅದೇನು ನಿಮ್ಮ ಮಂಡಿ ಕಟ್ಟೆನಾ? ಇವರನ್ನ ಏಳಿಸಬೇಕಾದ್ರೆ ನಮ್ಮನ್ನ ಕರೀರಿ. ನೀವೇ ಕೈ ಹಾಕಿದ್ರೆ ವಾರ್ಡಿಂದ ಆಚೆಗೆ ಕಳಿಸಿಬಿಡ್ತೀನಿ."

ಮರುದಿನ ಬೆಳಿಗ್ಗೆ ಏಕಾಂತಪ್ಪನಿಗೆ ಪೂಜೆಯ ನೆನಪಾಯಿತು. ಆಪರೇಷನ್ನಿಗೆ ಮೊದಲು ಕೊರಳಿನಿಂದ ತೆಗೆದಿದ್ದ ಇಷ್ಟಲಿಂಗವನ್ನು ಅದನ್ನಿಡುವ ಕರಡಿಗೆಯ ಸಮೇತ ಕಾಶಮ್ಮ ತನ್ನ ಬಳಿಯೇ ಕಾಪಾಡಿಕೊಂಡಿದ್ದಳು. ಎದ್ದು ಕುಳಿತು ಅಂಗೈಯಲ್ಲಿಟ್ಟು ಒಂದು ಗಳಿಗೆ ನೋಡಬೇಕು, ಹಣೆಗೆ ವಿಭೂತಿ ಇಡಬೇಕು ಎಂದು ಅವನ ಆಸೆ.

"ಸಿಸ್ಟರನ್ನ ಕರಿ," ಎಂದಳು ಕಾಶಮ್ಮ ತಮ್ಮನಿಗೆ.

"ಅವರು ಆ ಕಡೆ ಇಂಜೆಕ್ಷನ್ ಕೊಡ್ತಾ ಇದಾರೆ. ಭಾವನ್ನ ಎತ್ತೋಕೆ ನಾನಿಲ್ವಾ?" ಎಂದ ವಿಜಿ. ಬೆನ್ನ ಕೆಳಗೆ ಒಂದು ತೋಳು ಕೊಟ್ಟ, ಸೊಂಟ ಬಳಸಿ ಇನ್ನೊಂದು. ಹೂವಿನ ಹಾಗೆ ಎತ್ತಿ ಕೂರಿಸಿದ. ಏಕಾಂತಪ್ಪನ ಮುಖ ಒಮ್ಮೆ ಕಿವುಚಿಕೊಂಡು ಮತ್ತೆ ಸರಿಯಾಯಿತು.

"ನೋವಾಯ್ತಾ ಭಾವ?"

"ಇಲ್ಲಪ್ಪ. ನಿನ್ನ ಕೈಯಲ್ಲಿ ಮೂಟೆಗೂ ನೋವಾಗಲ್ವಂತೆ," ಎಂದು ಅವನು ನಕ್ಕ. ಪೂಜೆ ಆಯಿತು. ವಿಭೂತಿ ಇಟ್ಟುಕೊಂಡ ಆ ಮುಖವನ್ನು ನೋಡಿ ವಿಜಿಯ ಕಣ್ಣು ತುಂಬಿತು.

ಅಂದು ಮಧ್ಯಾಹ್ನ ಕಾಶಮ್ಮ, "ಎಲ್ಲಿ, ಕೂಗಿ ನೋಡೋಣ," ಎಂದಳು. "ಹರಿಗೆ," ಎಂದು ಅವನು ನಿಲ್ಲಿಸಿದ. ಕೈ ಮಂಚದ ಸರಳನ್ನು ಬಿಗಿಯಾಗಿ ಹಿಡಿದಿತ್ತು.

"ಯಾಕ್ರೀ?"

"ಬಸ್ ಹರಿಗೆ ಹತ್ರಾನೇ ಕೆಟ್ಟು ನಿಂತಿದೆ ಮಾರಾಯ್ತಿ. ತಳ್ಳೋರು ಯಾರೂ ಇಲ್ಲ."

ಹಣೆಯ ವಿಭೂತಿ ಬೆವರಿನಲ್ಲಿ ಕರಗಿ ಹುಬ್ಬಿಗಿಳಿದಿತ್ತು. ನೋವಿದೆಯೇ ಎಂದು ನರ್ಸು ಬಂದು ಕೇಳಿದಾಗಲೆಲ್ಲ, "ಏನೂ ಇಲ್ಲ ಸಿಸ್ಟರ್, ಆರಾಮು," ಎನ್ನುತ್ತಿದ್ದ. ಔಷಧದ ಚೀಲ ಕುಗ್ಗುತ್ತಲೇ ಇತ್ತಾದ್ದರಿಂದ ಯಾರಿಗೂ ಸಂಶಯ ಬರಲಿಲ್ಲ. ಸೊಂಟದ ಹತ್ತಿರ ಹಾಸಿಗೆ ಒದ್ದೆಯಾಗಿದ್ದುದನ್ನು ಕಾಶಮ್ಮ ಕಂಡಳು. ಬೆವರೆಂದುಕೊಂಡು ಒಣಗಿದ ಟವೆಲ್ಲೊಂದನ್ನು ಮಡಿಚಿ ಕೆಳಗೆ ಸೇರಿಸಿದಳು. ಕೆಮ್ಮು ಬಂದಾಗಲೆಲ್ಲ ಅವನು ತುಟಿ ಕಚ್ಚಿ ನುಂಗಿಕೊಳ್ಳುತ್ತಿದ್ದ. ಉಸಿರು ಕೊರಳಲ್ಲೇ ಹೋಗಿ ಕೊರಳಲ್ಲೇ ಬರುತ್ತಿತ್ತು. ಚೆಂಡಿನ ಡಬ್ಬಿಯನ್ನು ಕೈಗೆ ಕೊಟ್ಟರೆ, "ಆಮೇಲೆ," ಎನ್ನುತ್ತಿದ್ದ.

ಆಮೇಲೆ ಬಂದದ್ದು ಜ್ವರ. ಡಾಕ್ಟರು ಎದೆಗೆ ಕಿವಿಗೊಳವೆ ಇಟ್ಟು ಕೇಳಿದವರು ಮುಖ ಗಂಟಿಕ್ಕಿಕೊಂಡು ಪಟ್ಟಿ ಬಿಚ್ಚಿಸಿದರು. ಗಾಯದೊಳಗಿರಬೇಕಾಗಿದ್ದ ನಳಿಕೆ ಚರ್ಮದ ಹೊರಗೆ, ಬಟ್ಟೆಯ ಮಡಿಕೆಯಲ್ಲಿ ಸುರುಳಿಯಾಗಿ ಬಿದ್ದಿತ್ತು. ಇಳಿದ ಔಷಧವೆಲ್ಲ ಹತ್ತಿಯ ಪಾಲಾಗಿತ್ತು. ಅಷ್ಟು ದೊಡ್ಡ ಗಾಯದ ನೋವನ್ನು ಬರೀ ಮಾತ್ರೆಯ ಮೇಲೆ ಆ ಮನುಷ್ಯ ನುಂಗಿಕೊಂಡು ಮಲಗಿದ್ದ.

"ಯಾರು ಇವರನ್ನ ಎತ್ತಿದ್ದು?" ಎಂದು ಕೇಳಿದಳು ಪ್ರಿಯದರ್ಶಿನಿ.

ವಿಜಿ ಎಳನೀರು ತರಲು ಹೋಗಿದ್ದ. ಕಾಶಮ್ಮ ಗಂಡನ ಕಡೆ ನೋಡಿದಳು. ಅವನು ಅವಳನ್ನೇ ನೋಡುತ್ತಿದ್ದ. ಗಾಜಿನ ಚೂರು ಆರಿಸಿದ ದಿನದ ಅದೇ ಕಣ್ಣು.

"ನಾನೇ ಸಿಸ್ಟರ್," ಎಂದಳು ಕಾಶಮ್ಮ. "ಪೂಜೆಗೆ ಕೂರಿಸಿದೆ."

ನೋವಿಗೆ ಬೇರೆ ಇಂಜೆಕ್ಷನ್ ಕೊಟ್ಟರು. ಮೈ ಸ್ವಲ್ಪ ಸಡಿಲವಾಯಿತು. ಅವಳು ಬಗ್ಗಿ, "ಯಾಕ್ರೀ ಹೇಳಲಿಲ್ಲ? ನನಗಾದ್ರೂ ಹೇಳಬಾರದಿತ್ತಾ?" ಎಂದು ಕೇಳಿದಳು.

"ಎತ್ತಿದಾಗಲೇ ಎಳೆದ ಹಾಗಾಯ್ತು ಕಾಶಿ. ಇವತ್ತು ಕಮ್ಮಿ ಆಗುತ್ತೆ, ನಾಳೆ ಕಮ್ಮಿ ಆಗುತ್ತೆ ಅಂದ್ಕೊಂಡೆ." ಒಂದೊಂದು ಮಾತಿಗೂ ಒಂದೊಂದು ಉಸಿರು ಬೇಕಾಗುತ್ತಿತ್ತು. "ವಿಜಿಗೆ ಹೇಳಬೇಡ. ಗೊತ್ತಾದ್ರೆ... ಅವನಿಗೆ ಇನ್ನು ಮೂಟೆ ಎತ್ತೋಕೆ ಕೈ ಬರಲ್ಲ."

ಅದೇ ಅವನು ಅವಳೊಡನೆ ಆಡಿದ ಕೊನೆಯ ಮಾತು. ಅನಂತರ ತೀವ್ರ ನಿಗಾ ಘಟಕ, ಬಾಯಿಗೆ ಕೊಳವೆ, ಗಾಜಿನ ಬಾಗಿಲು. ಯಂತ್ರ ಉಸಿರಾಡಿಸಿತು. ಲಿವರ್ ಚೆನ್ನಾಗಿಯೇ ಇತ್ತು. ಎದೆ ಗೆಲ್ಲಲಿಲ್ಲ. "ಇದೊಂದರಿಂದಲೇ ಹೀಗಾಯ್ತು ಅಂತ ಹೇಳೋಕಾಗಲ್ಲ ಅಮ್ಮ. ನಳಿಕೆ ಸರಿಯಿದ್ದರೂ ನಂಜು ಬರಬಹುದಿತ್ತು," ಎಂದರು ಡಾಕ್ಟರು. ಒಳ್ಳೆಯ ಮನುಷ್ಯ. ಕಾಶಮ್ಮ ತಲೆಯಾಡಿಸಿದಳು. ಬರಬಹುದಿತ್ತು, ಬರದೆಯೂ ಇರಬಹುದಿತ್ತು. ಆ ಎರಡು ಮಾತುಗಳ ನಡುವೆ ಅವಳು ಇನ್ನು ಮುಂದೆ ಬದುಕಬೇಕಾಗಿತ್ತು.

ಕ್ರಿಯೆಗಳು ಮುಗಿದ ಮೇಲೆ ವಿಜಿ ಅಕ್ಕನನ್ನು ಶಿವಮೊಗ್ಗದ ತನ್ನ ಮನೆಗೆ ಕರೆತಂದು ಇಟ್ಟುಕೊಂಡ. ಅವಳಿಗೆ ಅಲ್ಲಿ ಕಾಲು ನಿಲ್ಲಲಿಲ್ಲ. ಒಂದು ಸಂಜೆ ಹಟ ಮಾಡಿ ಜೇಡಿಕಟ್ಟೆಗೆ ಹೊರಟಳು. ವಿಜಿಯೂ ಜೊತೆಗೆ ಬಂದ. ಬಸ್ಸಿನಲ್ಲಿ ಹೊಸ ಕಂಡಕ್ಟರ್. ಸೀಟಿ ಊದುತ್ತಿದ್ದನೇ ಹೊರತು ಊರುಗಳ ಹೆಸರನ್ನು ಕೂಗುತ್ತಿರಲಿಲ್ಲ. ಹರಿಗೆ ಹೋಯಿತು, ಮಲವಗೊಪ್ಪ ಹೋಯಿತು. ಕಾಶಮ್ಮ ಮನಸ್ಸಿನಲ್ಲೇ ಒಂದೊಂದಾಗಿ ಕೂಗಿಕೊಳ್ಳುತ್ತಿದ್ದಳು.

"ಅಕ್ಕಾ," ಎಂದ ವಿಜಿ.

"ಏನಪ್ಪ?"

"ಭಾವ ಕಡೇ ಸಲ ಪೂಜೆ ಮಾಡ್ಕೊಂಡ್ರಲ್ಲ, ನಾನು ಎತ್ತಿ ಕೂರಿಸಿದ್ದಕ್ಕೆ ತಾನೆ? ಅದೊಂದನ್ನ ನೆನೆಸ್ಕೊಂಡೇ ಅನ್ನ ಉಣ್ತಾ ಇದೀನಿ ನೋಡು."

ಕಿಟಕಿಯಾಚೆ ನಿದಿಗೆ ಕೆರೆಯ ನೀರು ಬೆಳಗುತ್ತಿತ್ತು. ಅವಳು ಅದನ್ನೇ ನೋಡುತ್ತ ಹೇಳಿದಳು. "ಹೌದಪ್ಪ. ನೀನಿಲ್ದಿದ್ರೆ ಅವರಿಗೆ ಅದೂ ಸಿಗ್ತಿರಲಿಲ್ಲ."

ಅವನು ಮತ್ತೆ ಕೇಳಿದ. "ಆದ್ರೆ ಹಿಂದಿನ ದಿನ ನಿದಿಗೆವರೆಗೆ ಕೂಗಿದ್ರು. ಪೂಜೆ ಆದ ದಿನದಿಂದಾನೇ ಯಾಕೆ ಅಷ್ಟು ಮೆತ್ತಗಾಗಿಬಿಟ್ರು ಅಕ್ಕ? ಏನಾಯ್ತು?"

ಒಂದು ಮಾತು ಹೇಳಿಬಿಟ್ಟರೆ ಕಾಶಮ್ಮನ ಅರ್ಧ ಭಾರ ಇಳಿಯುತ್ತಿತ್ತು. ಅವಳು ಅವನ ಕೈ ನೋಡಿದಳು. ಮೂಟೆ ಹೊತ್ತು ಹೊತ್ತು ಜಡ್ಡುಗಟ್ಟಿದ ಆ ಅಂಗೈಗಳು ತೊಡೆಯ ಮೇಲೆ ಸುಮ್ಮನೆ ಬಿದ್ದುಕೊಂಡಿದ್ದವು.

"ನಾನೇ ಸರಿಯಾಗಿ ನೋಡ್ಕೊಳ್ಳಲಿಲ್ಲ ಬಿಡು," ಎಂದಳು. "ಹಾಸಿಗೆ ಒದ್ದೆಯಾಗಿದ್ದು ಕಂಡೂ ಬೆವರು ಅಂದ್ಕೊಂಡೆ."

"ಏ, ಸುಮ್ನಿರು. ನೀನೇನು ಡಾಕ್ಟರಾ?" ಎಂದು ಅವನು ಅವಳ ಬೆನ್ನು ಸವರಿದ. ಅವಳನ್ನು ಸಮಾಧಾನಪಡಿಸುವುದರಲ್ಲಿ ತನ್ನ ಪ್ರಶ್ನೆಯನ್ನೇ ಮರೆತ.

ಮಾಚೇನಹಳ್ಳಿ ದಾಟಿ ಜೇಡಿಕಟ್ಟೆ ಬಂದಿತು. ಸೀಟಿಯಾಯಿತು. ಬಸ್ಸಿನ ಮೆಟ್ಟಿಲು ಎತ್ತರ, ಕೆಳಗೆ ರಸ್ತೆಯಂಚು ಕುಸಿದಿತ್ತು. ಮೊದಲು ಇಳಿದ ವಿಜಿ ತಿರುಗಿ ನಿಂತು ಎರಡು ತೋಳುಗಳನ್ನೂ ಚಾಚಿದ. "ಬಾ ಅಕ್ಕ, ಎತ್ತಿ ಇಳಿಸ್ತೀನಿ."

ಕಾಶಮ್ಮ ಕಂಬಿ ಹಿಡಿದು ಒಂದು ಕ್ಷಣ ನಿಂತಳು. ಆಮೇಲೆ ಕಂಬಿಯನ್ನು ಬಿಟ್ಟು, ತನ್ನ ಭಾರವನ್ನೆಲ್ಲ ತಮ್ಮನ ತೋಳಿಗೆ ಒಪ್ಪಿಸಿದಳು.