ಯಾವಾಗಲೂ ‘ಸರಿ’ ಎನ್ನುವ ಶೀಟು

ಹಾಸಿಗೆ ಕಾರ್ಖಾನೆಯ ಆಫೀಸಿನಲ್ಲಿ, ಹೊಲಿಗೆ ಯಂತ್ರಗಳ ಸದ್ದು ಗೋಡೆ ದಾಟಿ ಬರುವ ಮೂಲೆಯಲ್ಲಿ ಒಬ್ಬ ಹೆಂಗಸು ಕೂತಿರುತ್ತಾಳೆ. ಎಲ್ಲರೂ ಅವಳನ್ನು ಸಿಡುಕಕ್ಕ ಅಂತಾರೆ. ಎದುರಿಗಲ್ಲ, ಅಷ್ಟು ಧೈರ್ಯ ಯಾರಿಗಿದೆ? ಮುಂದಿನ ತಿಂಗಳುಗಳಲ್ಲಿ ಎಷ್ಟು ಹಾಸಿಗೆ ಬೇಕಾದೀತು, ಹೊಲಿಯಲು ಎಷ್ಟು ಜನ ಬೇಕು ಎಂದು ಎಕ್ಸೆಲ್ ಶೀಟಿನಲ್ಲಿ ಲೆಕ್ಕ ಕಟ್ಟುವುದು ಅವಳ ಕೆಲಸ. ಅವಳು ಕಟ್ಟುತ್ತಾಳೆ, ಉಳಿದವರು ಕೆಡವುತ್ತಾರೆ.

ಕೆಡವುವುದು ಅಂದರೆ, ಫಾರ್ಮುಲಾ ಇದ್ದ ಚೌಕದಲ್ಲಿ ತಮಗೆ ತೋಚಿದ ಅಂಕಿ ಒತ್ತಿಬಿಡುವುದು. ಆಮೇಲೆ ಸುತ್ತಲಿನದು ಏನು ಬದಲಾದರೂ ಆ ಚೌಕ ಮಿಸುಕುವುದಿಲ್ಲ. ಇದರಲ್ಲಿ ಎತ್ತಿದ ಕೈ ಮಾರಾಟದ ಮ್ಯಾನೇಜರದು.

“ಯಾಕ್ರೀ ಅದನ್ನ ಮುಟ್ಟಿದ್ರಿ?”

“ಅಂಕಿ ನೋಡೋಕೆ ಚೆನ್ನಾಗಿರ್ಲಿಲ್ಲ ಅಕ್ಕಾ.”

“ಚೆನ್ನಾಗಿರೋಕೆ ಅದೇನು ಮದುಮಗಳಾ?”

ರೋಸಿಹೋಗಿ ಅವಳು ಶೀಟನ್ನು ಮೊದಲಿಂದ ಕಟ್ಟಿದಳು. ಅಂಕಿ ತುಂಬುವ ಚೌಕಗಳಿಗೆ ಹಳದಿ ಬಣ್ಣ, ಉಳಿದವಕ್ಕೆ ಬೀಗ. ಕೊನೆಯಲ್ಲೊಂದು ಕಾವಲಿನ ಚೌಕ: ಗಿರಾಕಿಗಳು ಕೇಳಿದ್ದೆಲ್ಲ ಕೂಡಿದಾಗ ಮ್ಯಾನೇಜರು ತುಂಬಿದ ಒಟ್ಟು ಸಂಖ್ಯೆಗೆ ಹೊಂದಿದರೆ ‘ಸರಿ’, ಇಲ್ಲದಿದ್ದರೆ ಕೆಂಪಗೆ ‘ತಪ್ಪು’. ಅದಕ್ಕೆ ಮಾತ್ರ ಬೀಗ ಹಾಕಲಿಲ್ಲ. ಅದನ್ನು ಯಾರು ಮುಟ್ಟುತ್ತಾರೆ ಅಂದುಕೊಂಡಳು.

ಆಗಲೇ ಮಾಲೀಕರಿಗೆ ಸಂಜೆ ಪಾಳಿ ಮುಚ್ಚುವ ಯೋಚನೆ ಬಂತು. ಆ ಪಾಳಿಯಲ್ಲಿ ಹೊಲಿಯುವವರಲ್ಲಿ ಸಿಡುಕಕ್ಕನ ಸ್ವಂತ ತಂಗಿಯೂ ಒಬ್ಬಳು.

“ನಿನ್ನ ಶೀಟು ಏನನ್ನುತ್ತೆ ಅಕ್ಕಾ?” ಮನೆಯಲ್ಲಿ ತಂಗಿ ಕೇಳಿದಳು.

“ಇದ್ದದ್ದನ್ನ ಅನ್ನುತ್ತೆ. ನಿನಗೋಸ್ಕರ ತಿರುಚಲ್ಲ,” ಅಂದಳು ಇವಳು, ಪಾತ್ರೆಯನ್ನು ಇನ್ನಷ್ಟು ಜೋರಾಗಿ ಉಜ್ಜುತ್ತ.

ಸಭೆಯಲ್ಲಿ ಮಾಲೀಕರು ಪರದೆ ನೋಡಿದರು. “ಬೇಡಿಕೆ ಬಿದ್ದುಹೋಗಿದೆ. ಪಾಳಿ ಮುಚ್ಚೋಣ. ಕೊನೆಗೆ ‘ಸರಿ’ ಅಂತಲೂ ಇದೆಯಲ್ಲ.”

ಸಿಡುಕಕ್ಕ ಪರದೆಯತ್ತ ಬಾಗಿ ನೋಡಿದಳು. ಆಸ್ಪತ್ರೆಗಳಿಂದ ದೊಡ್ಡ ಬೇಡಿಕೆ ಬಂದದ್ದು ಅವಳಿಗೆ ಗೊತ್ತು. ಮ್ಯಾನೇಜರು ತುಂಬಿದ ಒಟ್ಟು ಸಂಖ್ಯೆಯಲ್ಲಿ ಅದರ ಸುಳಿವೇ ಇಲ್ಲ. ಮತ್ತೆ ‘ಸರಿ’ ಎಲ್ಲಿಂದ ಬಂತು? ಎದ್ದು ಹೋಗಿ ಒಟ್ಟಿನ ಜಾಗದಲ್ಲಿ ಸೊನ್ನೆ ಒತ್ತಿದಳು. ಸರಿ ಅಂದಿತು ಶೀಟು. ಊರಿಗೂರೇ ಕಾಲು ಚಾಚಿ ಮಲಗುವಷ್ಟು ಹಾಸಿಗೆ ಒತ್ತಿದಳು. ಅದಕ್ಕೂ ಸರಿ! ಇದೇನು ಶೀಟೋ, ತಲೆಯಾಡಿಸುವ ಗೊಂಬೆಯೋ? ಒಳಗೆ ನೋಡಿದರೆ ಫಾರ್ಮುಲಾ ಮಾಯ. ‘ಸರಿ’ ಅಂತ ಯಾರೋ ಕೈಯಾರೆ ಟೈಪ್ ಮಾಡಿದ್ದಾರೆ.

“ಯಾರ ಘನಕಾರ್ಯ ಇದು?”

ಮ್ಯಾನೇಜರು ಕತ್ತು ಕೆರೆದುಕೊಂಡರು. “ಕೆಂಪಗೆ ‘ತಪ್ಪು’ ಅಂತ ಬರ್ತಾ ಇತ್ತು ಅಕ್ಕಾ. ಮೀಟಿಂಗಲ್ಲಿ ಅಸಹ್ಯವಾಗಿ ಕಾಣುತ್ತೆ ಅಂತ...”

“ಮಗೂಗೆ ಜ್ವರ ಬಂದ್ರೆ ಥರ್ಮಾಮೀಟರ್ ಮೇಲೆ ಪೆನ್ನಲ್ಲಿ ತಿದ್ತೀರಾ?”

ಮಾಲೀಕರು ನಗಲಿಲ್ಲ. ಅಲ್ಲೇ ಫಾರ್ಮುಲಾ ಮರಳಿತು, ಆಸ್ಪತ್ರೆಗಳ ಬೇಡಿಕೆ ಸೇರಿತು, ಕಾವಲಿನ ಚೌಕಕ್ಕೂ ಬೀಗ ಬಿತ್ತು. ಈಗ ಶೀಟು ಹೇಳಿದ್ದು ಇಷ್ಟು: ಚಳಿಗಾಲ ಮುಗಿಯುವವರೆಗೆ ಸಂಜೆ ಪಾಳಿ ಬೇಕೇ ಬೇಕು. ಅದರಾಚೆಗೆ ಕೆಲಸ ಕಾಣುತ್ತಿಲ್ಲ.

“ಅಲ್ಲಿವರೆಗೆ ನಡೀಲಿ. ಆಮೇಲೆ ಮತ್ತೆ ನೋಡೋಣ,” ಅಂದರು ಮಾಲೀಕರು.

ಸುದ್ದಿ ಹೇಳಲು ಸಿಡುಕಕ್ಕ ಹೊಲಿಗೆ ವಿಭಾಗಕ್ಕೆ ಓಡಿದಳು. ತಂಗಿಯ ಮುಖ ಅರಳಿತು, ಮರುಕ್ಷಣ ಅರ್ಧ ಮುದುಡಿತು.

“ಚಳಿಗಾಲದವರೆಗೆ ಅಷ್ಟೇನಾ? ಬೇಸಿಗೆವರೆಗೆ ಒಂಚೂರು ಎಳೆಯೋಕಾಗಲ್ವಾ ಅಕ್ಕಾ?”

“ಅಯ್ಯೋ, ನೀನೂ ಶುರು ಮಾಡ್ಬೇಡ ತಾಯಿ, ಕೈ ಮುಗೀತೀನಿ! ಸಿಕ್ಕಷ್ಟು ದಿನ ಹೊಲಿ.”

ತಂಗಿ ಮುಖ ಊದಿಸಿಕೊಂಡೇ ಯಂತ್ರ ಶುರು ಮಾಡಿದಳು.