ಹಿಡಿ ಅಕ್ಕಿಯ ಡ್ರಮ್ಮು

ನಮ್ಮ ಚರ್ಚಿನಲ್ಲಿ ಹಿಡಿ ಅಕ್ಕಿ ಕೊಡುವ ಪದ್ಧತಿ ಇದೆ. ಅನ್ನಕ್ಕೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕಬೇಕು. ಅದು ಕರ್ತನ ಪಾಲು. ಭಾನುವಾರ ಎಲ್ಲರೂ ಅದನ್ನು ತಂದು ಬಾಗಿಲ ಬಳಿಯ ನೀಲಿ ಡ್ರಮ್ಮಿಗೆ ಸುರಿಯುತ್ತಾರೆ. ಕೇಳುವುದಕ್ಕೆ ಎಷ್ಟು ಚೆಂದ! ನನಗೆ ಮಾತ್ರ ಆ ಡ್ರಮ್ಮು ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ.

ಆಗ ನನಗೆ ಹದಿನೈದು. ಜಯನಗರದಲ್ಲಿ ಮನೆ. ಚರ್ಚಿನ ಪೂರ್ಣ ಸದಸ್ಯರಾಗಲು ತಯಾರಾಗುವ ಕನ್ಫರ್ಮೇಶನ್ ಕ್ಲಾಸಿನ ಮಕ್ಕಳೆಲ್ಲ ಸೇವೆ ಮಾಡಬೇಕು ಎಂಬ ನಿಯಮವಿತ್ತು. ತಿಂಗಳಿಗೊಂದು ಶನಿವಾರ ಡ್ರಮ್ಮಿನ ಅಕ್ಕಿಯನ್ನು ಚೀಲಗಳಿಗೆ ತುಂಬಿ, ಪಕ್ಕದ ಸಿದ್ದಾಪುರದ ಕೆಲವು ಮನೆಗಳಿಗೆ ಕೊಟ್ಟು ಪ್ರಾರ್ಥನೆ ಮಾಡಿ ಬರುತ್ತಿದ್ದೆವು. ನನ್ನ ಪಾಲಿಗೆ ಬಂದದ್ದು ಒಬ್ಬ ಅಕ್ಕನ ಮನೆ. ಆಕೆ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಮನೆಯಲ್ಲಿ ಲಕ್ವ ಹೊಡೆದು ನುಂಗಲು ಕಷ್ಟಪಡುವ ಅತ್ತೆ; ನಾನು ಅವರನ್ನು ಅಜ್ಜಿ ಎನ್ನುತ್ತಿದ್ದೆ. ನಾನು ಹೊಸ್ತಿಲಲ್ಲೇ ನಿಂತು ಚೀಲ ಕೊಟ್ಟು, ಕಣ್ಣು ಮುಚ್ಚಿ ಎರಡು ನಿಮಿಷ ಪ್ರಾರ್ಥಿಸಿ, ಏನೋ ಸಾಧಿಸಿದವಳಂತೆ ಬೀಗುತ್ತಾ ಮನೆಗೆ ಬರುತ್ತಿದ್ದೆ.

ಒಂದು ಶನಿವಾರ ಮಳೆ ಹಿಡಿದುಕೊಂಡಿತು. ಅಕ್ಕ ಒಳಗೆ ಕರೆದಳು. ಅಜ್ಜಿಗೆ ಉಣಿಸುತ್ತಿದ್ದಳು. ಎರಡನೇ ತುತ್ತಿಗೇ ಅಜ್ಜಿಗೆ ಅನ್ನ ನೆತ್ತಿಗೆ ಹತ್ತಿ, ಮುಖ ಕೆಂಪಾಗಿ, ಕಣ್ಣಲ್ಲಿ ನೀರು ಬಂತು. ಅಕ್ಕ ಬೆನ್ನು ನೀವಿ, ಬಾಯೊಳಗೆ ಬೆರಳು ಹಾಕಿ ಒಂದು ಗಟ್ಟಿ ಅಗುಳು ತೆಗೆದಳು.

"ಇನ್ನೊಂಚೂರು ಬೇಯಿಸಬಾರ್ದಾಕ್ಕಾ?" ಅಂದೆ.

ಆಕೆ ನಮ್ಮ ಚೀಲದಿಂದ ಒಂದು ಹಿಡಿ ಅಕ್ಕಿಯನ್ನು ಮೊರಕ್ಕೆ ಸುರಿದಳು. ಸೋನಾ ಮಸೂರಿ, ಮಂಗಳೂರು ಕಡೆಯವರು ತಂದ ಕುಚ್ಚಲಕ್ಕಿ, ಉದ್ದುದ್ದ ಬಾಸ್ಮತಿ, ರೇಷನ್ ಅಕ್ಕಿ, ಎಲ್ಲ ಬೆರೆತಿತ್ತು.

"ಈ ಕುಚ್ಚಲಕ್ಕಿ ಬೇಯೋಷ್ಟರಲ್ಲಿ ಮಿಕ್ಕಿದ್ದು ಗಂಜಿ ಆಗಿರುತ್ತಮ್ಮ. ಆ ಗಂಜಿ ಒಳಗೇ ಈ ಗಟ್ಟಿ ಕಾಳು ಕೂತಿರುತ್ತೆ. ಆರಿಸೋಣ ಅಂದ್ರೆ ಬೆಳಿಗ್ಗೆ ಏಳು ಗಂಟೆಗೇ ಫ್ಯಾಕ್ಟರಿ ಗಾಡಿ ಬಂದ್ಬಿಡುತ್ತೆ. ಯಾರ್ಗೂ ಹೇಳ್ಬೇಡ, ಪಾಪ, ಕೊಡ್ತಿದ್ದಾರಲ್ಲ."

ಹುಳು ಕೊರೆದ ರೇಷನ್ ಅಕ್ಕಿ ನನಗೆ ಗುರುತು ಸಿಕ್ಕಿತು. ನಾವು ಊಟಕ್ಕೆ ಒಳ್ಳೆಯ ಸೋನಾ ಮಸೂರಿ ತರಿಸುತ್ತಿದ್ದೆವು. ಕರ್ತನ ಡಬ್ಬಿಗೆ ಮಾತ್ರ ಅಮ್ಮ ಹಾಕುತ್ತಿದ್ದದ್ದು ಇದೇ ಅಕ್ಕಿ. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು. ಎಂಟು ತಿಂಗಳು ಅದನ್ನು ಚೀಲಕ್ಕೆ ತುಂಬಿದ ನನ್ನ ಕೈಗಳ ಮೇಲೂ ಸಿಟ್ಟು ಬಂತು.

ಅಪ್ಪ ಚರ್ಚ್ ಕಮಿಟಿಯ ಸೆಕ್ರೆಟರಿ. ಯಾರಿಗೆ ಅಕ್ಕಿ ಕೊಡಬೇಕೆಂಬ ಪಟ್ಟಿ ಅವರ ಕೈಯಲ್ಲಿತ್ತು. ಅಕ್ಕ ಬೇಡವೆಂದರೂ ಮನೆಗೆ ಬಂದವಳೇ ಎಲ್ಲವನ್ನೂ ಅವರಿಗೆ ಒದರಿಬಿಟ್ಟೆ.

ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ಪುಕ್ಕಟೆ ತಗೊಳ್ಳೋರಿಗೆ ಇಷ್ಟು ಪೊಗರಾ? ಕಷ್ಟ ಆದ್ರೆ ಬಿಡ್ಲಿ. ಕ್ಯೂನಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾಳೆ ಮೂರು ಗಂಟೆ ಮೀಟಿಂಗ್‌ನಲ್ಲಿ ಹೆಸರು ತೆಗೆಸ್ತೀನಿ."

ನನ್ನ ಬಾಯಿಂದಾಗಿ ಆ ಅಜ್ಜಿಗೆ ಗಂಜಿಯೂ ತಪ್ಪುವ ಹಾಗಾಯಿತು.

ಮರುದಿನ ಆರಾಧನೆ ಮುಗಿಯುತ್ತಲೇ, ಅಂದು ಎಲ್ಲರೂ ಸುರಿದಿದ್ದ ಡ್ರಮ್ಮಿನಿಂದ ಎರಡು ಲೋಟ ಅಕ್ಕಿ ತೆಗೆದು ಬ್ಯಾಗಿಗೆ ಹಾಕಿಕೊಂಡೆ. ಮಧ್ಯಾಹ್ನದ ಅನ್ನ ನಾನೇ ಮಾಡ್ತೀನಿ ಅಂದಾಗ ಅಮ್ಮನಿಗೆ ಖುಷಿಯೋ ಖುಷಿ. ಮಟನ್ ಸಾರು ಆಗಲೇ ಘಮಘಮಿಸುತ್ತಿತ್ತು. ಅಪ್ಪ ತಲೆ ಬಗ್ಗಿಸಿ ಎಂದಿನಂತೆ ನಿಧಾನವಾಗಿ, ಕೊಟ್ಟ ಆಹಾರಕ್ಕಾಗಿ ಸ್ತೋತ್ರ ಹೇಳಿ, ಆಮೆನ್ ಎಂದು ಕಲಸಿ ಬಾಯಿಗಿಟ್ಟರು.

"ಏನೇ ಇದು, ಅಂಟು ಅಂಟು! ಒಳಗೆ ಕಲ್ಲಿನ ಥರ ಕಾಳು! ಅನ್ನ ಮಾಡೋಕೂ ಬರಲ್ವಾ ನಿಂಗೆ?"

"ಸರಿಯಾಗೇ ಮಾಡಿದೀನಿ ಅಪ್ಪ. ಡ್ರಮ್ಮಿನ ಅಕ್ಕಿ. ಸಿದ್ದಾಪುರದ ಅಜ್ಜಿ ದಿನಾ ತಿನ್ನೋದು ಇದನ್ನೇ."

ಅಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಅಪ್ಪ ತಟ್ಟೆ ತಳ್ಳಿದರು. ನಾನು ಬಿಡಲಿಲ್ಲ.

"ಪ್ರಾರ್ಥನೆ ಮಾಡಿದ ಅನ್ನ ಬಿಡಬಾರ್ದು ಅಂತ ಹೇಳ್ಕೊಟ್ಟಿದ್ದು ನೀವೇ ಅಲ್ವಾ?"

ಏಟು ಬೀಳುತ್ತದೆ ಅಂದುಕೊಂಡೆ. ಬೀಳಲಿಲ್ಲ. ಅಪ್ಪ ತಟ್ಟೆಯನ್ನು ಮತ್ತೆ ಎಳೆದುಕೊಂಡು, ಒಂದೊಂದೇ ತುತ್ತನ್ನು ಅಗಿದು ನುಂಗಿದರು. ನಾನೂ ಉಂಡೆ, ಅಮ್ಮನೂ ಉಂಡಳು.

ಕೈ ತೊಳೆದು ಬಂದು ಅಪ್ಪ, "ಅವರ ಹೆಸರು ಪಟ್ಟೀಲಿ ಇರ್ಲಿ ಬಿಡು," ಎಂದರು, ಉಪಕಾರ ಮಾಡುವವರಂತೆ.

ನನಗೆ ರೇಗಿಹೋಯಿತು. "ಹೆಸರಲ್ಲ ಅಪ್ಪ, ಅಕ್ಕಿ!" ಎಂದು ಕಿರುಚಿದೆ.

ಅವರು ಚಪ್ಪಲಿ ಮೆಟ್ಟಿ ಮೀಟಿಂಗಿಗೆ ಹೊರಟುಹೋದರು. ಅಮ್ಮ ಮಾತ್ರ ಕರ್ತನ ಡಬ್ಬಿಯನ್ನು ಕೆಳಗಿಳಿಸಿದಳು. ಅದಕ್ಕೆ ಹಾಕಲೆಂದು ಇಟ್ಟಿದ್ದ ರೇಷನ್ ಅಕ್ಕಿಯನ್ನು ನಮ್ಮ ಅಡುಗೆಯ ಪಾತ್ರೆಗೆ ಸುರಿದು, ನಾವು ಉಣ್ಣುವ ಸೋನಾ ಮಸೂರಿಯನ್ನು ಡಬ್ಬಿಗೆ ತುಂಬಿ ನನ್ನ ಕೈಗೆ ಕೊಟ್ಟಳು.

"ಡ್ರಮ್ಮಿಗೆ ಹಾಕ್ಬೇಡ. ಈಗ್ಲೇ ಹೋಗಿ ಅವರ ಮನೇಲಿ ಕೊಟ್ಟು ಬಾ. ಪ್ರಾರ್ಥನೆ ಏನೂ ಬೇಡ," ಎಂದಳು.